ಶಿಆನ್‌ನಲ್ಲಿ ಏನೇನು ಬಿಡೋಣ?

ಅಪ್ಪನನ್ನು ಚೀನಾದ ಶಿಆನ್ ನಗರಕ್ಕೆ ಕರೆದುಕೊಂಡು ಹೋಗಬೇಕು ಅಂತಿದ್ದಾಗ ಮೊದಲು ಬಂದ ಪ್ಲ್ಯಾನ್ ಎರಡು ದಿನದ್ದು. ಅದರಲ್ಲಿ ಹನ್ನೊಂದು ಜಾಗಗಳಿದ್ದವು. ಬೆಂಗಳೂರಿನ ಒಬ್ಬ ಏಜೆಂಟ್ ಕಳಿಸಿದ್ದರು. ನಾನು ಪ್ರಿಂಟ್ ತೆಗೆಸಿ ಅಪ್ಪನ ಕೈಗೆ ಕೊಟ್ಟೆ. ಮೊಬೈಲಿನಲ್ಲಿ ಓದಿದರೆ ಅವರಿಗೆ ಓದಿದ ಹಾಗೇ ಆಗುವುದಿಲ್ಲ. ಕನ್ನಡಕ ಹಾಕಿಕೊಂಡು, ಉತ್ತರಪತ್ರಿಕೆ ತಿದ್ದುವವರ ಹಾಗೆ ಪೆನ್ಸಿಲ್ ಹಿಡಿದು ಸಾಲು ಸಾಲಾಗಿ ಇಳಿಯುತ್ತಾ ಹೋದರು. ಏಳನೇ ಸಾಲಿಗೆ ನಿಂತರು. 'ದೊಡ್ಡ ಹೆಬ್ಬಾತು ಗೋಪುರ, 40 ನಿಮಿಷ, ಫೋಟೊ' ಎಂದು ಬರೆದಿತ್ತು. ಅದರ ಕೆಳಗಿನ ಸಾಲು 'ಜೇಡ್ ಕಲ್ಲಿನ ಅಂಗಡಿ, 1 ಗಂಟೆ'.

"ನಾ ಹೊಂಟಿದ್ದ ಈ ಗೋಪುರಕ್ಕ. ಅದಕ್ಕ ನಲವತ್ತು ನಿಮಿಷ, ಅಂಗಡಿಗೆ ಒಂದ್ ತಾಸು. ಇದು ಹ್ಯಾಂಗವ್ವಾ?" ಅಂದರು.

ಆ ಪ್ರಶ್ನೆಗೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಅವತ್ತೇ ಆ ಪ್ಲ್ಯಾನ್ ಬಿಟ್ಟೆ.

ಅಪ್ಪ ಬಾಗಲಕೋಟೆ ಜಿಲ್ಲೆಯ ಹೈಸ್ಕೂಲಿನಲ್ಲಿ ಇತಿಹಾಸದ ಮೇಷ್ಟ್ರಾಗಿದ್ದವರು. ಈಗ ಎಪ್ಪತ್ತೊಂದು ವರ್ಷ. ಪ್ರತಿ ವರ್ಷ ಚಳಿಗಾಲದಲ್ಲಿ ಮಕ್ಕಳನ್ನು ಬಸ್ಸಿನಲ್ಲಿ ಐಹೊಳೆಗೆ ಕರೆದುಕೊಂಡು ಹೋಗುತ್ತಿದ್ದರು. ಎಲ್ಲರೂ ದುರ್ಗ ಗುಡಿಯ ಮುಂದೆ ಫೋಟೊ ತೆಗೆಸಿಕೊಳ್ಳುವಾಗ ಇವರು ಮಾತ್ರ ಮಕ್ಕಳನ್ನು ಮೇಗುತಿ ಗುಡ್ಡ ಹತ್ತಿಸುತ್ತಿದ್ದರು. ಅಲ್ಲಿನ ಜಿನಾಲಯದ ಗೋಡೆಯ ಮೇಲೆ ಒಂದು ಶಾಸನ ಇದೆ. 634ರದು. ಭಾಷೆ ಸಂಸ್ಕೃತ, ಲಿಪಿ ಹಳಗನ್ನಡದ್ದು. ಬರೆದವನು ರವಿಕೀರ್ತಿ. ಇಮ್ಮಡಿ ಪುಲಿಕೇಶಿಯ ಎದುರು ಹರ್ಷನ ಹರ್ಷವೆಲ್ಲ ಇಳಿದುಹೋಯಿತು ಎಂದು ಅವನು ಹೆಸರಿನ ಮೇಲೇ ಆಟ ಆಡಿದ್ದಾನೆ. ಆಮೇಲೆ ತನ್ನ ಕೀರ್ತಿ ಕಾಳಿದಾಸ, ಭಾರವಿಯರ ಸಮಕ್ಕೆ ಇದೆ ಅಂತಲೂ ಹೇಳಿಕೊಂಡಿದ್ದಾನೆ.

ಅಷ್ಟು ಹೇಳಿ ಅಪ್ಪ ಮಕ್ಕಳನ್ನು ಕೇಳುತ್ತಿದ್ದರಂತೆ: "ಇವ ರಾಜನ ಕಡೆಯವ. ರಾಜನ ಅನ್ನ ಉಂಡವ. ಇವ ಹೇಳಿದ್ದು ಖರೆ ಅಂತ ನಂಬೋದು ಹ್ಯಾಂಗ?" ಮಕ್ಕಳು ಸುಮ್ಮನಿರುತ್ತಿದ್ದರು. ಆಗ ಹ್ಯೂಯೆನ್ ತ್ಸಾಂಗ್ ಬರುತ್ತಿದ್ದ. ಚೀನಾದಿಂದ ಬಂದ ಬೌದ್ಧ ಸನ್ಯಾಸಿ. ನಳಂದಾದಲ್ಲಿ ಓದಿದವನು. ಹರ್ಷನ ಸ್ನೇಹ ಗಳಿಸಿದವನು. ಪುಲಿಕೇಶಿಯಿಂದ ಅವನಿಗೆ ಏನೂ ಆಗಬೇಕಿರಲಿಲ್ಲ. ಅಂಥವನೂ ಬರೆದಿದ್ದಾನೆ: ಪೂರ್ವದಿಂದ ಪಶ್ಚಿಮದವರೆಗೆ ಎಲ್ಲರನ್ನೂ ಗೆದ್ದ ಹರ್ಷನಿಗೆ ಈ ನಾಡಿನವರು ಮಾತ್ರ ತಲೆಬಾಗಲಿಲ್ಲ ಎಂದು. ಗೆದ್ದವರ ಕಡೆಯವನು ಒಂದು, ಹೊರಗಿನವನು ಒಂದು, ಎರಡೂ ಸಾಕ್ಷಿ ಕೂಡಿದವು. ಮೂವತ್ತು ವರ್ಷ ಅಪ್ಪ ಇದೇ ಪಾಠ ಮಾಡಿದರು. ನಾನೂ ಆ ಬಸ್ಸಿನಲ್ಲಿ ಎರಡು ಸಲ ಹೋಗಿದ್ದೇನೆ.

ಒಂದು ಸಾಕ್ಷಿ ಮನೆಯ ಹತ್ತಿರವೇ ಇತ್ತು. ಇನ್ನೊಂದನ್ನು ಅವರು ನೋಡಿರಲಿಲ್ಲ. ಅದನ್ನು ನೋಡಬೇಕು ಅಂತ ಬಾಯಿಬಿಟ್ಟು ಕೇಳಿದವರೂ ಅಲ್ಲ. ಒಮ್ಮೆ ಟೀವಿಯಲ್ಲಿ ಆ ಗೋಪುರ ಬಂದಾಗ "ಇವ ತಂದ ಪುಸ್ತಕ ಅಲ್ಲೇ ಇಟ್ಟಿದ್ರು ನೋಡು" ಅಂದರು, ಅಷ್ಟೆ. ನನಗೆ ಅದು ಸಾಕಾಯಿತು.

ಹ್ಯೂಯೆನ್ ತ್ಸಾಂಗ್ ಹೊರಟದ್ದು ಚಾಂಗ್ಆನ್ ನಗರದಿಂದ, ತಿರುಗಿ ಬಂದದ್ದೂ ಅಲ್ಲಿಗೇ. ಅದೇ ಈಗಿನ ಶಿಆನ್. ನಮ್ಮ ಪತ್ರಿಕೆಗಳಲ್ಲಿ ಕ್ಸಿಯಾನ್ ಎಂದು ಬರೆಯುತ್ತಾರೆ, ಅಲ್ಲಿಯವರ ಬಾಯಲ್ಲಿ ಅದು ಶಿ-ಆನ್. ಗಡಿ ದಾಟಬಾರದು ಎಂಬ ಆಜ್ಞೆ ಇದ್ದಾಗಲೇ ಅವನು ಕದ್ದು ಹೊರಟಿದ್ದ. 645ರಲ್ಲಿ ವಾಪಸ್ ಬಂದಾಗ ಊರಿಗೆ ಊರೇ ಬೀದಿಗೆ ಬಂದಿತ್ತು. ಇಪ್ಪತ್ತು ಕುದುರೆಗಳ ಮೇಲೆ 657 ಗ್ರಂಥಗಳನ್ನು ಹೇರಿಕೊಂಡು ತಂದಿದ್ದ. ಬಂದ ಮರುವರ್ಷವೇ, 646ರಲ್ಲಿ, ಪ್ರವಾಸದ ಪುಸ್ತಕ ಮುಗಿಯಿತು. ಗೋಪುರ ಕಟ್ಟಿಸಿದ್ದು 652ರಲ್ಲಿ, ಭಾರತದಿಂದ ತಂದ ಗ್ರಂಥ, ಮೂರ್ತಿಗಳನ್ನು ಬೆಂಕಿಯಿಂದ ಕಾಪಾಡುವುದಕ್ಕೆ.

ಏಜೆಂಟ್ ಬೇಡ, ನಾವೇ ಒಬ್ಬ ಗೈಡನ್ನು ಹುಡುಕಿ ನಮ್ಮಿಬ್ಬರಿಗೇ ಅಂತ ಗೊತ್ತುಮಾಡಿಕೊಳ್ಳೋಣ ಎಂದು ತೀರ್ಮಾನಿಸಿದೆ. ಖರ್ಚು ಜಾಸ್ತಿ, ನಿಜ. ಗುಂಪಿನ ಜೊತೆ ಹೋದರೆ ಅಗ್ಗ. ಆದರೆ ಒಂದು ಲೆಕ್ಕ ಹಾಕಿ ನೋಡಿ. ಗೈಡ್ ಇಂಗ್ಲಿಷಿನಲ್ಲಿ ಹೇಳಬೇಕು, ಅದನ್ನು ನಾನು ಕನ್ನಡಕ್ಕೆ ತಿರುಗಿಸಬೇಕು, ಅಪ್ಪ ಕೇಳುವ ಪ್ರಶ್ನೆ ಮತ್ತೆ ಅದೇ ದಾರಿಯಲ್ಲಿ ವಾಪಸ್ ಹೋಗಬೇಕು. ಬೇರೆಯವರಿಗೆ ಒಂದು ಗಂಟೆ ಆಗುವುದು ನಮಗೆ ಎರಡು ಗಂಟೆ. ಅದರ ಮೇಲೆ ಅಪ್ಪನ ಮೊಣಕಾಲು. ಬಾವುಟ ಹಿಡಿದು ಮುಂದೆ ಓಡುವವರ ಹಿಂದೆ ಅವರನ್ನು ಓಡಿಸಲು ನನಗೆ ಮನಸ್ಸಿರಲಿಲ್ಲ.

ಚೀನಾದಲ್ಲಿ ಗೈಡ್ ಕೆಲಸ ಮಾಡಲು ಸರ್ಕಾರದ ಪರೀಕ್ಷೆ ಪಾಸಾಗಿ ಕಾರ್ಡ್ ಪಡೆದಿರಬೇಕು. ಹಾಗೆ ಕಾರ್ಡ್ ಇರುವ ನಾಲ್ಕು ಜನರಿಗೆ ಬರೆದೆ. ದರ ಕೇಳುವ ಮುಂಚೆ ಎಲ್ಲರಿಗೂ ಒಂದೇ ಪ್ರಶ್ನೆ ಕೇಳಿದೆ: ಮೂರು ದಿನ ಇದ್ದೇವೆ, ಏನೇನು ಬಿಡಬೇಕು?

ಒಬ್ಬರು ಏನನ್ನೂ ಬಿಡಬೇಕಾಗಿಲ್ಲ, ಎಲ್ಲ ತೋರಿಸುತ್ತೇನೆ ಅಂದರು. ಇನ್ನೊಬ್ಬರು ದರಪಟ್ಟಿ ಕಳಿಸಿ ಸುಮ್ಮನಾದರು. ಮೂರನೆಯವರ ಪಟ್ಟಿಯಲ್ಲಿ ಮತ್ತೆ ಅಂಗಡಿ ಬಂತು, ಈ ಸಲ ಮಣ್ಣಿನ ಸೈನಿಕರ ಗೊಂಬೆ ಮಾಡುವ ಕಾರ್ಖಾನೆ. ನಾಲ್ಕನೆಯವರು ಒಬ್ಬ ಹೆಣ್ಣುಮಗಳು. ಅವರು ಉತ್ತರ ಕೊಡಲಿಲ್ಲ, ಬದಲಿಗೆ ತಾವೇ ಕೇಳಿದರು: ನಿಮ್ಮ ತಂದೆ ಯಾಕೆ ಬರುತ್ತಿದ್ದಾರೆ?

ಅಲ್ಲಿಗೆ ನನ್ನ ಹುಡುಕಾಟ ಮುಗಿಯಿತು.

ವಿಡಿಯೊ ಕಾಲ್‌ನಲ್ಲಿ ಮಾತಾಡಿದೆವು. ಚೀನಾ ನಮಗಿಂತ ಎರಡೂವರೆ ಗಂಟೆ ಮುಂದೆ. ನಮ್ಮ ಬೆಳಗಿನ ಚಹಾದ ಹೊತ್ತಿಗೆ ಅಲ್ಲಿ ಹತ್ತು ಗಂಟೆ. ಅಪ್ಪ ಇಸ್ತ್ರಿ ಅಂಗಿ ಹಾಕಿಕೊಂಡು ಕೂತಿದ್ದರು. ಹ್ಯೂಯೆನ್ ತ್ಸಾಂಗ್ ಹೆಸರು ಹೇಳಿದರೆ ಆಕೆಗೆ ಗೊತ್ತಾಗಲೇ ಇಲ್ಲ. ಮತ್ತೆ ಹೇಳಿದರು, ನಿಧಾನವಾಗಿ. ಊಹೂಂ. ಅಪ್ಪನ ಮುಖ ಸಣ್ಣದಾಯಿತು. ಅಷ್ಟು ದೊಡ್ಡ ಮನುಷ್ಯನ ಹೆಸರು ಅವನ ಊರಿನವರಿಗೇ ಗೊತ್ತಿಲ್ಲವಾ ಅಂತ. ನಾನು ಗೋಪುರದ ಚಿತ್ರ ತೋರಿಸಿದೆ. ಆಕೆ "ಓ! ಶ್ವೆನ್‌ಜಾಂಗ್!" ಎಂದು ನಕ್ಕರು. ನಮ್ಮ ಪಠ್ಯಪುಸ್ತಕಗಳಲ್ಲಿ ಉಳಿದಿರುವುದು ಹಳೇ ಕಾಲದ ಇಂಗ್ಲಿಷರು ಬರೆದುಕೊಂಡ ಹೆಸರು. ಈಗಿನ ಉಚ್ಚಾರ ಶ್ವೆನ್‌ಜಾಂಗ್. ಅಲ್ಲಿಯ ಮಕ್ಕಳಿಗೆಲ್ಲ ಅವನು ಗೊತ್ತು. ಕೋತಿಯ ಜೊತೆ ಪಶ್ಚಿಮಕ್ಕೆ ಹೋಗುವ ಸನ್ಯಾಸಿಯ ಕತೆ ಕೇಳಿಯೇ ಅವರು ಬೆಳೆಯುತ್ತಾರೆ. ಅಪ್ಪ ನೋಟ್‌ಬುಕ್ಕಿನಲ್ಲಿ ಹೊಸ ಹೆಸರು ಬರೆದುಕೊಂಡು ಎರಡು ಸಲ ಹೇಳಿ ನೋಡಿದರು. ಈಗಲೂ ಮನೆಯಲ್ಲಿ ಮಾತು ಬಂದರೆ ಶ್ವೆನ್‌ಜಾಂಗ್ ಅಂತಲೇ ಅನ್ನುತ್ತಾರೆ.

ಪುಲಿಕೇಶಿಯ ವಿಷಯ ಕೇಳಿ ಆಕೆ ಸುಳ್ಳು ಹೇಳಲಿಲ್ಲ. "ಈ ರಾಜನ ಹೆಸರು ನನಗೆ ಗೊತ್ತಿಲ್ಲ. ಓದಿಕೊಂಡು ಬರುತ್ತೇನೆ" ಅಂದರು.

ಬಿಡುವ ಪಟ್ಟಿ ನಿಧಾನವಾಗಿ ಬೆಳೆಯಿತು. ಹುವಾಚಿಂಗ್ ಬಿಸಿನೀರಿನ ಕೊಳ ಮತ್ತು ಅರಮನೆ ಬಿಟ್ಟೆವು. ರಾತ್ರಿಯ ನೃತ್ಯ ಪ್ರದರ್ಶನ ಬಿಟ್ಟೆವು. ಹ್ವಾಶಾನ್ ಬೆಟ್ಟ ಮೊದಲೇ ಬಿಟ್ಟಿದ್ದೆವು, ಮೊಣಕಾಲಿನ ಕಾರಣಕ್ಕೆ. ಪ್ರಾಂತ್ಯದ ಇತಿಹಾಸ ಮ್ಯೂಸಿಯಂ ಬಿಡುವುದಕ್ಕೆ ನನಗೆ ಸಂಕಟ ಆಯಿತು. ಅದು ಬಹಳ ಒಳ್ಳೆಯ ಮ್ಯೂಸಿಯಂ. ಆದರೆ ಅಲ್ಲಿ ಮುಂಗಡ ಟಿಕೆಟ್ ಸಿಗುವುದೇ ಕಷ್ಟ, ಸೋಮವಾರ ಬಾಗಿಲು ಮುಚ್ಚಿರುತ್ತದೆ, ಒಳಗೆ ವಿಪರೀತ ಜನ. "ಅದರ ಬದಲು ಶಿಲಾಶಾಸನಗಳ ಮ್ಯೂಸಿಯಂ ನೋಡಿ. ನಿಮ್ಮ ತಂದೆಗೆ ಕಲ್ಲು ಇಷ್ಟ ಅಂತ ಅನಿಸುತ್ತದೆ" ಅಂದರು. ಒಂದೇ ಒಂದು ಕಾಲ್‌ನಲ್ಲಿ ಅಪ್ಪನನ್ನು ಅಷ್ಟು ತಿಳಿದುಕೊಂಡಿದ್ದರು.

ಬಿಟ್ಟ ಜಾಗಕ್ಕೆ ಒಂದೇ ಒಂದು ಸೇರಿಸಿದರು. ಊರಿಂದ ದಕ್ಷಿಣಕ್ಕೆ, ಶಾವೊಲಿಂಗ್ ಎಂಬ ದಿಬ್ಬದ ಮೇಲೆ ಶಿಂಗ್‌ಜಿಯಾವೊ ಎಂಬ ಗುಡಿ ಇದೆ. ಶ್ವೆನ್‌ಜಾಂಗ್ ತೀರಿಕೊಂಡದ್ದು 664ರಲ್ಲಿ. ಐದು ವರ್ಷದ ನಂತರ ಅವನ ಅಸ್ಥಿಯನ್ನು ಅಲ್ಲಿಗೆ ತಂದು ಅದರ ಮೇಲೆ ಇಟ್ಟಿಗೆಯ ಗೋಪುರ ಕಟ್ಟಿದರು. ಪಕ್ಕದಲ್ಲೇ ಅವನ ಇಬ್ಬರು ಶಿಷ್ಯರ ಗೋಪುರಗಳು. ಒಬ್ಬ ಚೀನಾದವನು, ಇನ್ನೊಬ್ಬ ಕೊರಿಯಾದಿಂದ ಬಂದವನು. ಏಜೆಂಟ್ ಕೊಟ್ಟ ಹನ್ನೊಂದು ಜಾಗಗಳಲ್ಲಿ ಇದರ ಹೆಸರೇ ಇರಲಿಲ್ಲ.

ನಾನು ಮೊದಲು ಯೋಚಿಸಿದ್ದು ದಸರಾ ರಜೆ. ಆಗಲೇ ಅಕ್ಟೋಬರ್ ಒಂದರಿಂದ ಚೀನಾದಲ್ಲೂ ರಾಷ್ಟ್ರೀಯ ದಿನದ ಒಂದು ವಾರ ರಜೆ. ಇಡೀ ದೇಶ ಊರು ನೋಡಲು ಹೊರಡುತ್ತದೆ. ದಯವಿಟ್ಟು ಆ ವಾರ ಮಾತ್ರ ಬರಬೇಡಿ ಅಂದರು. ಮೇ ಒಂದರ ರಜೆಯೂ ಹಾಗೆಯೇ. ಏಪ್ರಿಲ್ ನಡುವಿನ ದಿನಗಳನ್ನು ಹಿಡಿದೆವು. ಚಳಿ ಹೋಗಿರುತ್ತದೆ, ಸೆಕೆ ಬಂದಿರುವುದಿಲ್ಲ.

ತೊಂದರೆ ಕೊಟ್ಟದ್ದು ಅಪ್ಪನ ಹೆಸರು. ಪಾಸ್‌ಪೋರ್ಟಿನಲ್ಲಿ ಅವರಿಗೆ ಅಡ್ಡಹೆಸರಿನ ಜಾಗ ಖಾಲಿ. ನಮ್ಮ ಕಡೆ ಎಷ್ಟೋ ಜನರದ್ದು ಹಾಗೆಯೇ ಅಲ್ವಾ? ಅಲ್ಲಿ ದೊಡ್ಡ ಜಾಗಗಳಿಗೆಲ್ಲ ಟಿಕೆಟ್ ಪಾಸ್‌ಪೋರ್ಟ್ ನೋಡಿಯೇ ಕೊಡುವುದು, ಫಾರಂನಲ್ಲಿ ಅಡ್ಡಹೆಸರು ತುಂಬದೆ ಮುಂದೆ ಹೋಗುವುದೇ ಇಲ್ಲ. ನಾನು ಒಂದು ರಾತ್ರಿ ಹನ್ನೆರಡರವರೆಗೆ ಅದರ ಜೊತೆ ಹೆಣಗಿದೆ. ಕೊನೆಗೆ ಗೈಡ್‌ಗೇ ಪಾಸ್‌ಪೋರ್ಟಿನ ಫೋಟೊ ಕಳಿಸಿದೆ, ಅವರ ಕಡೆಯಿಂದ ಟಿಕೆಟ್ ಆಯಿತು. ನಿಮ್ಮ ಪಾಸ್‌ಪೋರ್ಟೂ ಹೀಗಿದ್ದರೆ ಇದನ್ನು ಮೊದಲೇ ಹೇಳಿಬಿಡಿ. ಹೊರಡುವ ವಾರಕ್ಕೆ ಇಟ್ಟುಕೊಳ್ಳಬೇಡಿ.

ದುಡ್ಡಿನ ವಿಷಯ ಒಂದೇ ಮಾತು. ನಮ್ಮ ಯುಪಿಐ ಹಾಗೆ ಅಲ್ಲಿ ಎಲ್ಲದಕ್ಕೂ ಅಲಿಪೇ, ವೀಚಾಟ್. ವೀಸಾ ಅಥವಾ ಮಾಸ್ಟರ್‌ಕಾರ್ಡ್ ಇದ್ದರೆ ಜೋಡಿಸಿಕೊಳ್ಳಬಹುದು. ಊರಲ್ಲೇ ಕೂತು ಜೋಡಿಸಿಕೊಂಡು ಹೋಗಿ. ಗೂಗಲ್ ಮ್ಯಾಪ್ ನೆಚ್ಚಿಕೊಂಡು ಹೋಗಬೇಡಿ. ಗೈಡ್ ಫೀಸು, ಕಾರು, ಟಿಕೆಟ್, ಊಟ, ಯಾವುದು ಯಾರ ಖರ್ಚು ಎಂಬುದನ್ನೂ, ಅಂಗಡಿಗೆ ಕರೆದುಕೊಂಡು ಹೋಗುವುದಿಲ್ಲ ಎಂಬುದನ್ನೂ ಬರೆಸಿಕೊಂಡೆ. ಆಕೆ ಬೇಜಾರು ಮಾಡಿಕೊಳ್ಳದೆ ಬರೆದುಕೊಟ್ಟರು.

ಊಟದ್ದು ಇನ್ನೂ ದೊಡ್ಡ ಮಾತುಕತೆ. ಶಿಆನ್‌ನ ಹೆಸರಾಂತ ಊಟ ಅಂದರೆ ಕುರಿಮಾಂಸದ ಸಾರಿನಲ್ಲಿ ರೊಟ್ಟಿ ಮುರಿದು ಹಾಕಿ ತಿನ್ನುವುದು. ನಾವು ಮಾಂಸ, ಮೀನು, ಮೊಟ್ಟೆ ಏನೂ ತಿನ್ನುವವರಲ್ಲ. ಬರೀ 'ಮಾಂಸ ಬೇಡ' ಅಂದರೆ ತುಂಡು ತೆಗೆದು ಸಾರು ಹಾಗೇ ಕೊಡಬಹುದು, ಅದಕ್ಕೆ ಸಾರಿನ ಮಾತೂ ಹಂದಿ ಕೊಬ್ಬಿನ ಮಾತೂ ಬಿಡಿಸಿ ಹೇಳಬೇಕು ಅಂದರು. ಎಲ್ಲ ಸೇರಿಸಿ ಚೀನಿ ಅಕ್ಷರದಲ್ಲಿ ಒಂದು ಚೀಟಿ ಮಾಡಿಕೊಟ್ಟರು. ಮತ್ತೆ ಕೇಳಿದರು: ಈರುಳ್ಳಿ ಬೆಳ್ಳುಳ್ಳಿ ನಡೆಯುತ್ತದಾ? ಅಲ್ಲಿನ ಬೌದ್ಧ ಮಠಗಳ ಸಸ್ಯಾಹಾರದಲ್ಲಿ ಅವು ಇರುವುದಿಲ್ಲವಂತೆ. ನಾನು ಅಪ್ಪನ ಕಡೆ ನೋಡಿದೆ. "ಬಳ್ಳೊಳ್ಳಿ ಇಲ್ದ ಅದೆಂಥಾ ಊಟ? ಹಾಕಂತ ಹೇಳು" ಅಂದರು.

ಅವ್ವ ಬರಲಿಲ್ಲ. ಅಷ್ಟು ದೂರ ವಿಮಾನದಲ್ಲಿ ಕೂಡೋದು ಆಗೋದಿಲ್ಲ ಅಂದುಬಿಟ್ಟರು. ಖಡಕ್ ರೊಟ್ಟಿ, ಶೇಂಗಾ ಚಟ್ನಿಪುಡಿ ಕಟ್ಟಿಕೊಟ್ಟರು. ಬೆಂಗಳೂರಿಂದ ನೇರ ವಿಮಾನ ಇಲ್ಲ, ನಡುವೆ ಒಂದು ಕಡೆ ಇಳಿದು ಹತ್ತಬೇಕು. ಅಲ್ಲಿ ಕಾಯುವಾಗಲೇ ಅರ್ಧ ರೊಟ್ಟಿ ಖಾಲಿ.

ಚೀಟಿ ಹಿಡಿದು ಹೋದಲ್ಲೆಲ್ಲ ಊಟ ಸಿಕ್ಕಿತು. ಲಿಯಾಂಗ್‌ಪಿ ಅಂತ ತಣ್ಣನೆಯ ಅಗಲ ಶಾವಿಗೆ, ಹುಳಿ, ಖಾರದ ಎಣ್ಣೆ ಹಾಕಿ ಕಲಸಿ ಕೊಡುತ್ತಾರೆ. ಅಪ್ಪನಿಗೆ ಹಿಡಿಸಿದ್ದು ಬಿಯಾಂಗ್‌ಬಿಯಾಂಗ್ ಅನ್ನುವ ಶಾವಿಗೆ. ಸೊಂಟದ ಪಟ್ಟಿಯಷ್ಟು ಅಗಲ, ಉದ್ದಕ್ಕೆ ಕೈಯಲ್ಲೇ ಎಳೆದು ಹಲಗೆಗೆ ಬಡಿಯುತ್ತಾರೆ. ಬೇಯಿಸಿ ಬಟ್ಟಲಿಗೆ ಹಾಕಿ, ಮೇಲೆ ಖಾರಪುಡಿ, ಬೆಳ್ಳುಳ್ಳಿ ಉದುರಿಸಿ, ಹೊಗೆಯಾಡುವ ಎಣ್ಣೆಯನ್ನು ಅದರ ಮೇಲೇ ಸುರಿಯುತ್ತಾರೆ. ಚೊಂಯ್ ಅಂತ ಸದ್ದು. "ಒಗ್ಗರಣಿ!" ಅಂದರು ಅಪ್ಪ. ಆ ಹೆಸರನ್ನು ಬರೆಯುವ ಚೀನಿ ಅಕ್ಷರ ಒಂದರಲ್ಲೇ ಐವತ್ತಕ್ಕೂ ಹೆಚ್ಚು ಗೀಟುಗಳಿವೆ. ಅಂಗಡಿಯ ಬೋರ್ಡಿನಿಂದ ಅದನ್ನು ನೋಟ್‌ಬುಕ್ಕಿಗೆ ಇಳಿಸಿಕೊಳ್ಳಲು ಅಪ್ಪ ಹತ್ತು ನಿಮಿಷ ತೆಗೆದುಕೊಂಡರು. ಯಾರೂ ಅವಸರ ಮಾಡಲಿಲ್ಲ.

ಚೀನಾದ ಮೊದಲ ಚಕ್ರವರ್ತಿಯ ಸಮಾಧಿಯ ಕಾವಲಿಗೆಂದು ಹೂಳಿದ ಮಣ್ಣಿನ ಸೈನಿಕರನ್ನು ನೋಡಿದ್ದು ಎರಡನೇ ದಿನ. ಊರಿಂದ ಪೂರ್ವಕ್ಕೆ ಸುಮಾರು ನಲವತ್ತು ಕಿಲೋಮೀಟರು. ಎಲ್ಲರೂ ನುಗ್ಗುವುದು ಒಂದನೇ ಗುಂಡಿಗೆ, ನಾವು ಮೂರು, ಎರಡು, ಒಂದು ಅಂತ ಹಿಂದಿನಿಂದ ಬರೋಣ ಎಂದು ಆಕೆ ಮೊದಲೇ ಹೇಳಿದ್ದರು. ಮೂರನೆಯದು ಚಿಕ್ಕದು, ಸೇನಾಪತಿಗಳ ಠಾಣೆ. ಎರಡನೆಯದರಲ್ಲಿ ಗಾಜಿನ ಪೆಟ್ಟಿಗೆಯೊಳಗೆ ಒಬ್ಬ ಮಂಡಿಯೂರಿದ ಬಿಲ್ಲುಗಾರ ಇದ್ದಾನೆ. ಜನ ಅವನ ಮುಖದ ಫೋಟೊ ತೆಗೆದು ಮುಂದೆ ಹೋಗುತ್ತಿದ್ದರು. ಆಕೆ ನಮ್ಮನ್ನು ಅವನ ಹಿಂದಕ್ಕೆ ಕರೆದುಕೊಂಡು ಹೋಗಿ ಬಗ್ಗಿ ನೋಡಿ ಅಂದರು. ಬಲಗಾಲಿನ ಪಾದ ಮೇಲಕ್ಕೆ ತಿರುಗಿದೆ. ಜೋಡಿನ ಅಟ್ಟೆ ಕಾಣುತ್ತದೆ. ಆ ಅಟ್ಟೆಯ ಮೇಲೆ ಹೊಲಿಗೆಯ ಗುರುತುಗಳು. ಬೆರಳಿನ ಕಡೆ ಒತ್ತೊತ್ತಾಗಿ, ನಡುವೆ ಬಿಡಿಬಿಡಿಯಾಗಿ, ಹಿಮ್ಮಡಿಗೆ ಮತ್ತೆ ಒತ್ತೊತ್ತಾಗಿ. ನಡೆಯುವಾಗ ಎಲ್ಲಿ ಜಾಸ್ತಿ ಸವೆಯುತ್ತದೋ ಅಲ್ಲಿ ಜಾಸ್ತಿ ಹೊಲಿಗೆ.

ಅಪ್ಪ ಕೋಲು ಊರಿಕೊಂಡು ಬಗ್ಗಿದವರು ಮೇಲೇಳಲೇ ಇಲ್ಲ. ಮಣ್ಣಿನೊಳಗೆ ಹೂಳುವ ಗೊಂಬೆಗೆ, ಯಾರೂ ನೋಡದ ಅಂಗಾಲಿಗೆ, ಇಷ್ಟು ಕೆಲಸ. 2,200 ವರ್ಷದ ಹಿಂದೆ. ಅಲ್ಲಿ ಅವರು ಏನೂ ಅನ್ನಲಿಲ್ಲ. ಕಾರಿನಲ್ಲಿ ಬರುವಾಗ "ಅಂವ ಮೊದಲ ಜೋಡು ಹೊಲೆಯೋ ಮನ್ಯಾಗ ಬೆಳದಂವ ಇರಬೇಕು" ಅಂದರು. ಗೊಂಬೆ ಮಾಡಿದವನ ಬಗ್ಗೆ.

ಒಂದನೇ ಗುಂಡಿ ದೊಡ್ಡದು, ಸುಮಾರು 230 ಮೀಟರ್ ಉದ್ದ, 62 ಮೀಟರ್ ಅಗಲ. ಸಾಲು ಸಾಲಾಗಿ ನಿಂತಿದ್ದಾರೆ. ಚಿತ್ರದಲ್ಲಿ ಎಲ್ಲರೂ ನೋಡಿರುತ್ತೀರಿ. ನನಗೆ ನಾಟಿದ್ದು ಮುಂಭಾಗದ ಒಂದು ಸಣ್ಣ ಫಲಕ. 1974ರ ಮಾರ್ಚ್‌ನಲ್ಲಿ, ಮಳೆಯಿಲ್ಲದೆ ನೀರಿಗಾಗಿ ರೈತರು ಬಾವಿ ತೋಡಿದ ಜಾಗ ಅದು. ಅದು ಗುಂಡಿಯ ಅಂಚಿನಲ್ಲಿದೆ. ಇನ್ನು ಸ್ವಲ್ಪ ಆಚೆ ತೋಡಿದ್ದರೆ ಬರೀ ಮಣ್ಣು ಸಿಗುತ್ತಿತ್ತು. ಬರಗಾಲದಲ್ಲಿ ಬಾವಿ ತೋಡಿಸುವುದು ಏನೆಂದು ನಮ್ಮ ಜಿಲ್ಲೆಯವರಿಗೆ ಹೇಳಿಕೊಡಬೇಕಾಗಿಲ್ಲ. ನೀರಿಗೆ ಕಾದವರಿಗೆ ಮಣ್ಣಿನ ತಲೆ ಸಿಕ್ಕಾಗ ಎಷ್ಟು ನಿರಾಸೆ ಆಗಿತ್ತೋ ಎಂದು ಅಪ್ಪ ಕೇಳಿದರು. ಆಕೆ ನನ್ನ ಅನುವಾದ ಕೇಳಿ ಸ್ವಲ್ಪ ಹೊತ್ತು ಸುಮ್ಮನಿದ್ದರು. "ಇಷ್ಟು ವರ್ಷದಲ್ಲಿ ಇದನ್ನು ಯಾರೂ ಕೇಳಿರಲಿಲ್ಲ" ಅಂದರು.

ಕೋಟೆ ಗೋಡೆಯ ಮೇಲೆ ಒಂದು ಸಂಜೆ ಹೋದೆವು. 13.7 ಕಿಲೋಮೀಟರ್ ಸುತ್ತಳತೆ, ಮೇಲೆ ಸೈಕಲ್ ಬಾಡಿಗೆಗೆ ಸಿಗುತ್ತದೆ, ನಾವು ಬ್ಯಾಟರಿ ಗಾಡಿಯಲ್ಲಿ ಕೂತೆವು. ಒಂದು ಮಾತು ಅಲ್ಲಿ ತಿಳಿದದ್ದು ನಮಗೆ ಮುಖ್ಯವಾಯಿತು. ಈ ಗೋಡೆ ಮಿಂಗ್ ಕಾಲದ್ದು, 1370ರ ದಶಕದ್ದು. ಶ್ವೆನ್‌ಜಾಂಗ್ ನೋಡಿದ ಚಾಂಗ್ಆನ್ ಇದಕ್ಕಿಂತ ಎಷ್ಟೋ ದೊಡ್ಡದು, 84 ಚದರ ಕಿಲೋಮೀಟರು. ಅವನ ಗೋಪುರ ಈಗಿನ ಗೋಡೆಯ ಹೊರಗೆ ಇದೆ. ಗೋಡೆಯೊಳಗೆ ಇರುವುದಷ್ಟೇ ಹಳೇ ಊರು ಅಂತ ನಾನು ತಿಳಿದಿದ್ದೆ. ಹಾಗಲ್ಲ.

ಶಿಲಾಶಾಸನಗಳ ಮ್ಯೂಸಿಯಂಗೆ ಬೇಲಿನ್ ಎಂದು ಹೆಸರು, ಅಂದರೆ ಶಾಸನಗಳ ಕಾಡು. 1087ರಲ್ಲಿ ಶುರುವಾದದ್ದು. ಒಳಗೆ ಹೋದರೆ ನಿಜಕ್ಕೂ ಕಾಡೇ. ಆಳೆತ್ತರದ ಕರಿ ಕಲ್ಲುಗಳು ಒತ್ತಾಗಿ ನಿಂತಿವೆ. 837ರಲ್ಲಿ ಕನ್‌ಫ್ಯೂಷಿಯಸ್ ಪರಂಪರೆಯ ಗ್ರಂಥಗಳನ್ನೆಲ್ಲ 114 ಕಲ್ಲುಗಳ ಮೇಲೆ ಕೊರೆಸಿದ್ದಾರೆ. ನಕಲು ಮಾಡುವವರ ಕೈಯಲ್ಲಿ ತಪ್ಪು ನುಸುಳಬಾರದು, ಓದುವವರು ಬಂದು ಇಲ್ಲಿ ತಾಳೆ ನೋಡಿಕೊಳ್ಳಬೇಕು ಎಂದು. ಮೇಷ್ಟ್ರಾಗಿದ್ದವರಿಗೆ ಇದಕ್ಕಿಂತ ಇನ್ನೇನು ಬೇಕು? 781ರ ಒಂದು ಕಲ್ಲಿನ ಮೇಲೆ ಚೀನಿ ಅಕ್ಷರದ ಜೊತೆ ಸಿರಿಯಾಕ್ ಲಿಪಿಯೂ ಇದೆ. ಪಶ್ಚಿಮದಿಂದ ಬಂದ ಕ್ರೈಸ್ತರು ನಿಲ್ಲಿಸಿದ್ದು.

ಒಂದು ಮೂಲೆಯಲ್ಲಿ ಟಪ್ ಟಪ್ ಸದ್ದು ಬರುತ್ತಿತ್ತು. ಒಬ್ಬರು ಕಲ್ಲಿನ ಪಡಿಯಚ್ಚು ತೆಗೆಯುತ್ತಿದ್ದರು. ತೆಳು ಕಾಗದ ಒದ್ದೆ ಮಾಡಿ ಕಲ್ಲಿಗೆ ಅಂಟಿಸಿದ್ದರು. ಬ್ರಷ್‌ನಿಂದ ಬಡಿದು ಬಡಿದು ಅಕ್ಷರದ ತಗ್ಗಿಗೆ ಕಾಗದ ಇಳಿಸಿ, ಮಸಿ ಹತ್ತಿಸಿದ ಬಟ್ಟೆಯ ಉಂಡೆಯಿಂದ ಮೇಲೆ ತಟ್ಟುತ್ತಿದ್ದರು. ಕಪ್ಪಿನ ನಡುವೆ ಬಿಳಿ ಅಕ್ಷರಗಳು ಒಂದೊಂದಾಗಿ ಮೇಲೆ ಬಂದವು. ಅಪ್ಪನಿಗೆ ಇದು ಗೊತ್ತು. ಶಾಸನ ಇಲಾಖೆಯವರು ನಮ್ಮೂರ ಕಡೆ ಬಂದಾಗ ಇವರು ನೀರಿನ ಬಕೆಟ್ ಹೊತ್ತುಕೊಟ್ಟವರು. ನಮ್ಮಲ್ಲೂ ಹೀಗೆಯೇ, ಒದ್ದೆ ಕಾಗದ, ಬ್ರಷ್, ಮಸಿ. ಅಪ್ಪ ಕೈಯಾಡಿಸಿ ಅಭಿನಯ ಮಾಡಿ ತೋರಿಸಿದರು. ಆ ಮನುಷ್ಯ ಕೆಲಸ ನಿಲ್ಲಿಸಿ, ಮಸಿ ಉಂಡೆ ಎತ್ತಿ ತೋರಿಸಿ ತಲೆಯಾಡಿಸಿದರು. ಇಬ್ಬರ ನಡುವೆ ಒಂದು ಪದವೂ ಓಡಾಡಲಿಲ್ಲ. ನಾನೂ ಗೈಡೂ ಅಲ್ಲಿ ಬೇಕಿರಲಿಲ್ಲ.

ಗೋಪುರವನ್ನು ಕೊನೆಯ ದಿನಕ್ಕೆ ಇಟ್ಟವರು ಆಕೆಯೇ. "ಮೊದಲ ದಿನ ನಿಮಗೆ ದಣಿವು ಇರುತ್ತದೆ. ನನ್ನ ಇಂಗ್ಲಿಷೂ ನಿಮ್ಮ ತಂದೆಗೆ ಹೊಸದು. ಮೂರನೇ ದಿನಕ್ಕೆ ನಾವು ಒಬ್ಬರಿಗೊಬ್ಬರು ಅರ್ಥವಾಗಿರುತ್ತೇವೆ" ಎಂದು ಪ್ಲ್ಯಾನ್ ಮಾಡುವಾಗಲೇ ಹೇಳಿದ್ದರು. ಬೆಳಿಗ್ಗೆ ಶಿಂಗ್‌ಜಿಯಾವೊ ಗುಡಿಗೆ ಹೋದೆವು. ಮರಗಳ ನಡುವೆ ಮೂರು ಇಟ್ಟಿಗೆ ಗೋಪುರಗಳು, ನಡುವಿನದು ಎತ್ತರದ್ದು. ನಾವಲ್ಲದೆ ನಾಲ್ಕೈದು ಜನ ಇದ್ದರು. ಅಪ್ಪ ಚಪ್ಪಲಿ ಬಿಟ್ಟು ಗೋಪುರದ ಬುಡಕ್ಕೆ ಹಣೆ ಹಚ್ಚಿದರು. ಅಲ್ಲಿ ಚಪ್ಪಲಿ ಬಿಡುವ ಪದ್ಧತಿ ಇಲ್ಲ. ನಾನೂ ಬಿಟ್ಟೆ.

ಮಧ್ಯಾಹ್ನ ದೊಡ್ಡ ಹೆಬ್ಬಾತು ಗೋಪುರ. ಏಳು ಅಂತಸ್ತು, 64 ಮೀಟರ್ ಎತ್ತರ. ಮೊದಲು ಕಟ್ಟಿದ್ದು ಐದೇ ಅಂತಸ್ತು, ಹೊರಗೆ ಇಟ್ಟಿಗೆ, ಒಳಗೆ ಮಣ್ಣು. ಐವತ್ತು ವರ್ಷದಲ್ಲೇ ಹಾಳಾಯಿತು. ಮಹಾರಾಣಿ ವು ಝತ್ಯನ್ ಕಾಲದಲ್ಲಿ, 704ರ ಹೊತ್ತಿಗೆ, ಮತ್ತೆ ಕಟ್ಟಿದರು. ಹೆಬ್ಬಾತು ಎಂಬ ಹೆಸರಿಗೂ ನಮ್ಮ ಕಡೆಯದೇ ಕತೆ ಹೇಳುತ್ತಾರೆ. ಮಗಧದಲ್ಲಿ ಬಾನಿನಿಂದ ಬಿದ್ದ ಹಂಸಕ್ಕೆ ಭಿಕ್ಷುಗಳು ಸ್ತೂಪ ಕಟ್ಟಿದ ಕತೆಯನ್ನು ಶ್ವೆನ್‌ಜಾಂಗ್ ಬರೆದುಕೊಂಡು ಬಂದಿದ್ದ. ಅಪ್ಪ ಮೇಲೆ ಹತ್ತಲಿಲ್ಲ. ಹತ್ತಬೇಕು ಅಂತ ಹಟವನ್ನೂ ಮಾಡಲಿಲ್ಲ. ಅವರಿಗೆ ಬೇಕಾದದ್ದು ಕೆಳಗೇ ಇತ್ತು.

ದಕ್ಷಿಣದ ಬಾಗಿಲಿನ ಎರಡು ಪಕ್ಕಕ್ಕೆ ಎರಡು ಶಾಸನಗಳು. 653ರವು. ಶ್ವೆನ್‌ಜಾಂಗ್‌ನ ಅನುವಾದಗಳಿಗೆ ಚಕ್ರವರ್ತಿ ತಾಯ್‌ಝೋಂಗ್ ಬರೆದ ಮುನ್ನುಡಿ ಒಂದು, ಅವನ ಮಗ ಬರೆದದ್ದು ಇನ್ನೊಂದು. ಅಕ್ಷರಗಳು ಛು ಸ್ವೆಯ್‌ಲಿಯಾಂಗ್ ಎಂಬ ಬರಹಗಾರನವು. ಒಂದನ್ನು ಬಲದಿಂದ ಎಡಕ್ಕೆ ಓದಬೇಕು, ಇನ್ನೊಂದನ್ನು ಎಡದಿಂದ ಬಲಕ್ಕೆ. ಕನ್ನಡಿಯ ಹಾಗೆ ಎದುರುಬದುರು. ಅಪ್ಪ ಫೋನ್ ತೆಗೆದು ಮೇಗುತಿ ಶಾಸನದ ಫೋಟೊ ತೋರಿಸಿದರು. "ಇದು 634. ಇದು 653. ನಡುವೆ ಹತ್ತೊಂಬತ್ತ ವರ್ಷ" ಅಂದರು. ನಾನು ಇಂಗ್ಲಿಷಿಗೆ ತಿರುಗಿಸುವ ಮುಂಚೆಯೇ ಆಕೆ ಅಂಕಿಗಳನ್ನು ನೋಡಿ ಅರ್ಥ ಮಾಡಿಕೊಂಡಿದ್ದರು.

ನಾನು ಉತ್ಸಾಹದಲ್ಲಿ ಶ್ವೆನ್‌ಜಾಂಗ್ ಬಾದಾಮಿಗೆ ಬಂದಿದ್ದ ಅಂತ ಸೇರಿಸಿಬಿಟ್ಟೆ. ಅಪ್ಪ ತಡೆದರು. "ಹಂಗ ಹೇಳಬ್ಯಾಡ. ಅಂವ ಪುಲಿಕೇಶಿ ರಾಜ್ಯಕ್ಕ ಬಂದಿದ್ದ, ಅಷ್ಟ ಖರೆ. ರಾಜಧಾನಿ ಪಡುವಣಕ್ಕ ದೊಡ್ಡ ಹೊಳಿ ಐತಿ ಅಂತ ಬರದಾನ. ಬಾದಾಮ್ಯಾಗ ಎಲ್ಲೈತಿ ಅಂಥಾ ಹೊಳಿ? ನಾಸಿಕ ಇರಬಹುದು ಅಂತಾರ." ಗೋಪುರದ ಬುಡದಲ್ಲಿ ನಿಂತೂ ಪಾಠ ತಿದ್ದಿದರು.

ಕಲ್ಲಿನ ಬೆಂಚಿನ ಮೇಲೆ ಕೂತೆವು. ಆಗ ಆಕೆ ತಮ್ಮ ಚೀಲದಿಂದ ಒಂದು ಹಾಳೆ ತೆಗೆದರು. ಶ್ವೆನ್‌ಜಾಂಗ್‌ನ ಪುಸ್ತಕದ ಒಂದು ಪುಟ, ಚೀನಿ ಅಕ್ಷರದಲ್ಲಿ. ಒಂದು ಕಡೆ ಕೆಂಪು ಗೀಟು ಹಾಕಿದ್ದರು. ಓದಿಕೊಂಡು ಬರುತ್ತೇನೆ ಅಂದಿದ್ದರಲ್ಲ. ಬೆರಳಿಟ್ಟು ನಿಧಾನವಾಗಿ ಓದಿದರು. ಈ ನಾಡಿನ ರಾಜ ಕ್ಷತ್ರಿಯ, ಅವನ ಹೆಸರು ಹೀಗೆ, ಅವನ ಯೋಚನೆ ದೂರದ್ದು, ಅವನ ದಯೆ ಎಲ್ಲರಿಗೂ ಹರಡಿದೆ ಎಂದು ಬಿಡಿಸಿ ಹೇಳಿದರು. ಹೆಸರಿಗೆ ನಾಲ್ಕು ಅಕ್ಷರ.

"ಇನ್ನೊಮ್ಮೆ ಅಂದ್ ತೋರಿಸ್ ತಂಗಿ" ಅಂದರು ಅಪ್ಪ, ಕನ್ನಡದಲ್ಲೇ.

"ಬು-ಲ್ವೊ-ಜಿ-ಶ" ಅಂದರು ಆಕೆ.

ಅಪ್ಪ ನೋಟ್‌ಬುಕ್ ಕೊಟ್ಟರು. ಆಕೆ ನಾಲ್ಕೂ ಅಕ್ಷರ ದೊಡ್ಡದಾಗಿ ಬರೆದುಕೊಟ್ಟರು. ಅದರ ಕೆಳಗೆ ಅಪ್ಪ ಒಂದೊಂದು ಅಕ್ಷರಕ್ಕೂ ಸರಿಯಾಗಿ ಪು, ಲಿ, ಕೇ, ಶಿ ಅಂತ ಕನ್ನಡದಲ್ಲಿ ಬರೆದರು. ಆಮೇಲೆ ಇಬ್ಬರೂ ಸರದಿಯ ಮೇಲೆ ಓದಿದರು. ಆಕೆ ಪುಲಿಕೇಶಿ ಅಂದರು, ಅಪ್ಪ ಬು-ಲ್ವೊ-ಜಿ-ಶ ಅಂದರು. ಅಪ್ಪನ ಕೈ ಸ್ವಲ್ಪ ನಡುಗುತ್ತಿತ್ತು.

ಅವತ್ತು ಸಂಜೆಯ ಪಟ್ಟಿಯಲ್ಲಿ ನಗಾರಿ ಗೋಪುರ ಇತ್ತು, ಅದರ ಹಿಂದಿನ ಮುಸ್ಲಿಂ ಬೀದಿ ಇತ್ತು. ಯಾರೂ ಅದರ ಮಾತು ಎತ್ತಲಿಲ್ಲ. ಬಾಗಿಲು ಮುಚ್ಚುವ ಹೊತ್ತಾಯಿತೆಂದು ಕಾವಲಿನವರು ಬಂದು ಹೇಳುವವರೆಗೆ ಆ ಬೆಂಚಿನ ಮೇಲೇ ಇದ್ದೆವು.